ಸುಗಂಧದ ಆಯ್ಕೆ

ಮನುಷ್ಯನ ಐದು ಇಂದ್ರಿಯಗಳಲ್ಲಿ ಕಣ್ಣು ಕಿವಿಗಳಿಗೆ ಈ ಕಾಲ ಒದಗಿಸಿಕೊಟ್ಟಿರುವ ಅನುಕೂಲ ಮೂಗಿಗೆ ಒದಗಿಲ್ಲ. ಕಲಬುರಗಿಯಲ್ಲಿ ಕುಳಿತು ಆಡಿದ ಮಾತು ಬೀದರಿನಲ್ಲಿಯೂ ರಾಯಚೂರಿನಲ್ಲಿಯೂ ಅದೇ ಕ್ಷಣಕ್ಕೆ ಕೇಳಿಸುತ್ತದೆ. ಪ್ಯಾರಿಸ್ ನಗರದ ಬೀದಿಯೊಂದರ ಚಿತ್ರ ನಮ್ಮ ಅಂಗೈಯಲ್ಲಿರುವ ಮೊಬೈಲಿನಲ್ಲಿ ಮೂಡುತ್ತದೆ. ಆದರೆ ಒಂದು ಮೊಳ ಮಲ್ಲಿಗೆಯ ಕಂಪನ್ನು ಇಲ್ಲಿಂದ ಕಮಲಾಪುರಕ್ಕೆ, ೪೦ ಕಿಲೋಮೀಟರಿಗಿಂತ ಕಡಿಮೆಯಾದ ದೂರಕ್ಕೆ, ಕಳುಹಿಸಬೇಕೆಂದರೂ ಆ ಮಲ್ಲಿಗೆಯನ್ನೇ ಬಸ್ಸು ಹತ್ತಿಸಬೇಕು. ಆಕಾಶವಾಣಿಯಲ್ಲಿ ಸುಗಂಧದ ಕುರಿತು ಮಾತನಾಡುವವನಿಗೂ ಈ ಮಿತಿ ತಪ್ಪಿದ್ದಲ್ಲ. ನಾನು ನಿಮಗೆ ತಲುಪಿಸಬಲ್ಲುದು ಸುಗಂಧವನ್ನು ಕುರಿತ ಮಾತನ್ನು ಮಾತ್ರ, ಸುಗಂಧವನ್ನಲ್ಲ.

ಇದನ್ನು ಮೊದಲಿಗೇ ಹೇಳುವುದಕ್ಕೆ ಕಾರಣವುಂಟು. ಇಂದು ನಮ್ಮ ನಗರದ ತರುಣ ತರುಣಿಯರು ಕೊಳ್ಳುವ ಸುಗಂಧದ ಶೀಶೆಗಳಲ್ಲಿ ಎಷ್ಟೋ ಶೀಶೆಗಳು ಮೂಸಿ ನೋಡಿ ಕೊಂಡವಲ್ಲ. ಮೊಬೈಲಿನ ಪರದೆಯ ಮೇಲೆ ಯಾರೋ ಆಡಿದ ಮಾತನ್ನು ಕೇಳಿ ತರಿಸಿಕೊಂಡವು. ಒಮ್ಮೆ ಸಿಂಪಡಿಸಿದರೆ ಹನ್ನೆರಡು ಗಂಟೆ ಅಳಿಯದೆಂದು ಒಬ್ಬನು ಹೇಳುತ್ತಾನೆ. ದಾರಿಯಲ್ಲಿ ಹೋಗುವವರೆಲ್ಲ ತಿರುಗಿ ನೋಡುವರೆಂದು ಇನ್ನೊಬ್ಬನು ಹೇಳುತ್ತಾನೆ. ಮೂವತ್ತು ಸಾವಿರದ ಶೀಶೆಯಲ್ಲಿರುವುದೇ ಒಂದೂವರೆ ಸಾವಿರದ ಈ ಶೀಶೆಯಲ್ಲಿಯೂ ಇದೆಯೆಂದು ಮತ್ತೊಬ್ಬನು ಆಣೆಯಿಡುತ್ತಾನೆ. ಕೇಳುವವನ ಮುಂದೆ ಬಣ್ಣವಿದೆ, ಬೆಳಕಿದೆ, ಸಂಗೀತವಿದೆ, ಇಲ್ಲದಿರುವುದು ಪರಿಮಳವೊಂದೇ. ವಸ್ತುವೇ ಇಲ್ಲದ ಕಡೆ ಮಾತಿಗೆ ಕಡಿವಾಣವೂ ಇರುವುದಿಲ್ಲ. ಬಟ್ಟೆಯ ಬಣ್ಣದ ಬಗ್ಗೆ ಸುಳ್ಳು ಹೇಳಿದರೆ ಕಣ್ಣಾದರೂ ಹಿಡಿದೀತು; ಪರಿಮಳದ ಬಗ್ಗೆ ಹೇಳಿದ ಸುಳ್ಳು ಶೀಶೆ ಮನೆಗೆ ಬಂದು ಮುಚ್ಚಳ ತೆರೆಯುವವರೆಗೆ ಸುಳ್ಳೆಂದು ತಿಳಿಯುವುದಿಲ್ಲ. ಆಗ ಹಣ ಹೋಗಿರುತ್ತದೆ.

ಹಣವೊಂದೇ ಹೋದರೆ ಅದನ್ನು ಅನುಭವದ ಬೆಲೆಯೆಂದು ತಿಳಿಯಬಹುದು. ನಮ್ಮ ನೆರೆಮನೆಯ ತರುಣನೊಬ್ಬ ಕಳೆದ ಬೇಸಗೆಯಲ್ಲಿ ತನ್ನ ಮೊದಲ ತಿಂಗಳ ಸಂಬಳದ ಮೂರರಲ್ಲೊಂದು ಪಾಲನ್ನು ಕೊಟ್ಟು ಇಂಥದೊಂದು ಶೀಶೆ ತರಿಸಿದ. ಅಂಬರು, ಅಗರು, ವೆನಿಲಾ ಬೆರೆತ ಗಾಢವಾದ ಪರಿಮಳ. ಹಿಮ ಬೀಳುವ ನಾಡುಗಳ ಚಳಿಗಾಲಕ್ಕೆ ಹೇಳಿ ಮಾಡಿಸಿದಂಥದು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ ಅದು ಅವನಿಗೇ ತಲೆನೋವಾಯಿತು. ಆದರೆ ಹೆಚ್ಚಿನ ಕಷ್ಟವಾದದ್ದು ಉಬ್ಬಸದ ಬಾಧೆಯಿರುವ ಅವನ ಅಜ್ಜಿಗೆ. ಮೊಮ್ಮಗನಿಗೆ ಕೆಲಸ ಸಿಕ್ಕಿತೆಂದು ಊರಿಗೆಲ್ಲ ಸಕ್ಕರೆ ಹಂಚಿದ ಆ ವೃದ್ಧೆ, ಅವನು ಹತ್ತಿರ ಬಂದು ಕುಳಿತರೆ ಕೆಮ್ಮುತ್ತಾ ಎದ್ದು ಹೊರಗೆ ಕಟ್ಟೆಯ ಮೇಲೆ ಹೋಗಿ ಕೂರಬೇಕಾಯಿತು. ಒಂದು ಶೀಶೆಯನ್ನು ವಿವೇಚನೆಯಿಲ್ಲದೆ ಆರಿಸಿದುದರ ಪರಿಣಾಮ ಒಂದು ಮನೆಯ ನಡುಮನೆಯವರೆಗೂ ಬರುತ್ತದೆಂಬುದನ್ನು ನಾನು ಕಣ್ಣಾರೆ ಕಂಡೆ. ಈ ವಿಷಯವನ್ನು ಕುರಿತು ಮಾತನಾಡಬೇಕೆಂದು ನನಗೆ ಅನ್ನಿಸಿದ್ದು ಅದರಿಂದಲೇ.

ಹಾಗೆಂದು ಸುಗಂಧದ ಆಸೆಯನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಅದು ಇಂದಿನವರ ಬೆಡಗೂ ಅಲ್ಲ, ಪಶ್ಚಿಮದಿಂದ ಬಂದ ಚಾಳಿಯೂ ಅಲ್ಲ. ಕಲಬುರಗಿಯಿಂದ ಕಮಲಾಪುರದ ಮೇಲೆ ಹುಮನಾಬಾದಿನತ್ತ ಹೊರಟ ದಾರಿ ಮುಂದೆ ಕಲ್ಯಾಣವನ್ನು ಮುಟ್ಟುತ್ತದೆ. ಆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ೧೧೨೯ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ವಿಶ್ವಕೋಶವನ್ನು ರಚಿಸಿದ. ಅರಸನ ಉಪಭೋಗಗಳನ್ನು ಎಣಿಸುವಾಗ ಅನ್ನ, ವಸ್ತ್ರ, ಶಯ್ಯೆಗಳ ಜೊತೆಗೆ ವಿಲೇಪನಕ್ಕೂ ಧೂಪಕ್ಕೂ ಅವನು ಬೇರೆ ಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾನೆ. ಅವನಿಗಿಂತ ಆರು ಶತಮಾನಗಳ ಹಿಂದೆ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ಗಂಧಯುಕ್ತಿಯೆಂಬ ಪ್ರಕರಣವನ್ನು ಬರೆದು, ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿ ಬೆರೆಸಿದರೆ ೧೮೨೦ ಬಗೆಯ ಮಿಶ್ರಣಗಳಾಗುತ್ತವೆಂದು ಲೆಕ್ಕ ಹಾಕಿದ. ಇಂದಿನ ಗಣಿತದ ಸೂತ್ರಕ್ಕೂ ಬರುವ ಉತ್ತರ ಅದೇ. ಬೇಸಗೆಗೆ ಚಂದನ, ಚಳಿಗಾಲಕ್ಕೆ ಕುಂಕುಮಕೇಸರಿ ಮತ್ತು ಅಗರು ಎಂದು ಋತುವಿಗೆ ತಕ್ಕಂತೆ ಗಂಧವನ್ನು ಬದಲಿಸುವ ಪದ್ಧತಿ ನಮ್ಮ ಆಯುರ್ವೇದಕ್ಕೂ ಕಾವ್ಯಪರಂಪರೆಗೂ ಚಿರಪರಿಚಿತವಾದುದು. ನಮ್ಮ ನೆರೆಯ ತರುಣ ಈ ಒಂದು ಹಳೆಯ ಮಾತನ್ನು ಕೇಳಿದ್ದರೆ ಸಾಕಾಗಿತ್ತು.

ನಮ್ಮ ನಗರದ ನೆನಪಿನಲ್ಲಿಯೂ ಗಂಧಕ್ಕೆ ದೊಡ್ಡ ಸ್ಥಾನವಿದೆ. ೧೪೨೨ರಲ್ಲಿ ಇಲ್ಲಿಯೇ ದೇಹಬಿಟ್ಟ ಖ್ವಾಜಾ ಬಂದೇನವಾಜರ ಉರುಸು ಆರಂಭವಾಗುವುದು ಗಂಧದ ಮೆರವಣಿಗೆಯಿಂದ. ಸಂದಲ್ ಎಂಬುದು ಶ್ರೀಗಂಧವೇ. ಆ ದಿನಕ್ಕೆ ನಮ್ಮ ಕಡೆಯ ಜನ 'ಗಂಧ'ವೆಂದೇ ಹೆಸರಿಟ್ಟಿದ್ದಾರೆ. ಶರಣಬಸವೇಶ್ವರರ ಗುಡಿಗೆ ಹೋದವರನ್ನು ಎದುರುಗೊಳ್ಳುವುದೂ ಧೂಪ, ಊದುಬತ್ತಿ, ಹೂಗಳ ಬೆರಕೆಯ ಪರಿಮಳ. ಉತ್ತರ ಕರ್ನಾಟಕದಲ್ಲಿ ಅತ್ತಾರ ಎಂಬ ಮನೆತನದ ಹೆಸರು ಅನೇಕ ಊರುಗಳಲ್ಲಿದೆ. ಅದು ಅತ್ತರು ಮಾರುವ ಕಸುಬಿನಿಂದ ಬಂದದ್ದು. ಅತ್ತರು ಅರಬ್ಬಿ ಮೂಲದ ಮಾತು. ಪರ್ಫ್ಯೂಮ್ ಎಂಬುದು ಹೊಗೆಯ ಮೂಲಕ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಹುಟ್ಟಿದ್ದು. ಅಂದರೆ ಅದೂ ಮೂಲತಃ ನಮ್ಮ ಧೂಪವೇ.

ಕನ್ನಡದ ಮಾತುಗಳನ್ನು ನೋಡಿದರೆ ಇನ್ನೊಂದು ವಿಶೇಷ ಕಾಣುತ್ತದೆ. ನರುಗಂಪು ಎಂಬಲ್ಲಿಯ 'ನರು' ಎಂದರೆ ಪರಿಮಳ. 'ನಾರು' ಎಂದರೆ ದುರ್ವಾಸನೆ ಬೀರು. ಎರಡೂ ಒಂದೇ ದ್ರಾವಿಡ ಬೇರಿನ ಕುಡಿಗಳು. ಭಾಷೆ ಕಂಡುಕೊಂಡ ಈ ನಂಟನ್ನು ರಸಾಯನಶಾಸ್ತ್ರವೂ ಎತ್ತಿಹಿಡಿಯುತ್ತದೆ. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ದ್ರವ್ಯವೊಂದಿದೆ. ದಟ್ಟವಾಗಿದ್ದರೆ ಅದು ಮೂಗು ಮುಚ್ಚಿಕೊಳ್ಳುವಂತೆ ನಾರುತ್ತದೆ; ಅತ್ಯಲ್ಪವಾಗಿ ಬೆರೆತಾಗ ಮಲ್ಲಿಗೆಗೆ ಜೀವ ಬರುವುದೇ ಅದರಿಂದ. ಸುಗಂಧಕ್ಕೂ ದುರ್ಗಂಧಕ್ಕೂ ನಡುವಿನ ಅಂತರ ಅನೇಕ ವೇಳೆ ಪ್ರಮಾಣದ ಅಂತರ ಮಾತ್ರವೆಂಬುದನ್ನು, ಶೀಶೆ ಕೈಯಲ್ಲಿ ಹಿಡಿದವರೆಲ್ಲರೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಮೂಗಿನ ಸಂಗತಿ. ನಾವು ವಾಸನೆಯನ್ನು ಗ್ರಹಿಸುವ ಬಗೆಯನ್ನು ಬಿಡಿಸಿ ತೋರಿಸಿದ ರಿಚರ್ಡ್ ಆಕ್ಸೆಲ್ ಮತ್ತು ಲಿಂಡಾ ಬಕ್ ಎಂಬ ವಿಜ್ಞಾನಿಗಳಿಗೆ ೨೦೦೪ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮನುಷ್ಯನ ಮೂಗಿನೊಳಗೆ ಸುಮಾರು ೪೦೦ ಬಗೆಯ ಗ್ರಾಹಕಗಳಿವೆ. ಒಂದೊಂದು ಪರಿಮಳವೂ ಅವುಗಳಲ್ಲಿ ಕೆಲವನ್ನು ಮಾತ್ರ ಎಚ್ಚರಿಸುತ್ತದೆ. ಎಚ್ಚೆತ್ತವುಗಳ ಒಟ್ಟು ವಿನ್ಯಾಸವನ್ನು ಮಿದುಳು ಮಲ್ಲಿಗೆಯೆಂದೋ ಮಣ್ಣೆಂದೋ ಓದಿಕೊಳ್ಳುತ್ತದೆ. ಈ ಗ್ರಾಹಕಗಳು ಎಲ್ಲರಲ್ಲಿಯೂ ಒಂದೇ ಬಗೆಯಾಗಿಲ್ಲ. ಕೃತಕ ಕಸ್ತೂರಿಯ ಕೆಲವು ದ್ರವ್ಯಗಳು ಕೆಲವರ ಮೂಗಿಗೆ ಗೊತ್ತೇ ಆಗುವುದಿಲ್ಲ. ಪಕ್ಕದವನಿಗೆ ಅವು ಗಾಢವಾಗಿ ಹೊಡೆಯುತ್ತಿರುತ್ತವೆ. ಹೀಗಿರುವಾಗ ದೂರದ ಊರಿನಲ್ಲಿ ಕುಳಿತ ಒಬ್ಬನು ತನ್ನ ಮೂಗಿಗೆ ಸೊಗಸಾದದ್ದನ್ನು ಪ್ರಾಮಾಣಿಕವಾಗಿಯೇ ಹೊಗಳಿದರೂ ಆ ಹೊಗಳಿಕೆ ನಮ್ಮ ಮೂಗಿಗೆ ಅನ್ವಯಿಸಬೇಕೆಂಬ ನಿಯಮವಿಲ್ಲ. ಸುಳ್ಳು ಪ್ರಚಾರವನ್ನು ಬಿಟ್ಟು ನಿಜವಾದ ಪ್ರಚಾರವನ್ನಷ್ಟೇ ನಂಬಿದರೂ ತೊಡಕು ಉಳಿದೇ ಇರುತ್ತದೆ.

ಮೂಗಿಗೆ ದಣಿವೂ ಬೇಗ. ಒಂದೇ ವಾಸನೆಯ ನಡುವೆ ಸ್ವಲ್ಪ ಹೊತ್ತು ಇದ್ದರೆ ಅದು ಇಲ್ಲವೆಂದೇ ತೋರುತ್ತದೆ. ತಾನು ಹಾಕಿಕೊಂಡ ಸುಗಂಧ ತನಗೆ ತಿಳಿಯುತ್ತಿಲ್ಲವೆಂದು ಮತ್ತೆ ಮತ್ತೆ ಸಿಂಪಡಿಸಿಕೊಳ್ಳುವವರು ಈ ದಣಿವನ್ನು ಸುಗಂಧದ ದೋಷವೆಂದು ಭಾವಿಸುತ್ತಾರೆ. ತಾಸುಗಟ್ಟಲೆ ನಿಲ್ಲುವುದಿಲ್ಲವೆಂಬ ದೂರುಗಳಲ್ಲಿ ಎಷ್ಟೋ ದೂರುಗಳ ಮೂಲ ಇಲ್ಲಿದೆ. ಪಕ್ಕದಲ್ಲಿ ಕುಳಿತವರನ್ನು ಕೇಳಿದರೆ ನಿಜ ತಿಳಿಯುತ್ತದೆ.

ಸುಗಂಧವೆಂಬುದು ಒಂದು ವಸ್ತುವಲ್ಲ. ಬೇರೆ ಬೇರೆ ವೇಗದಲ್ಲಿ ಆರಿಹೋಗುವ ಹತ್ತಾರು, ಕೆಲವೊಮ್ಮೆ ನೂರಾರು ದ್ರವ್ಯಗಳ ಕೂಟ. ನಿಂಬೆ, ಕಿತ್ತಳೆ ಜಾತಿಯವು ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತವೆ. ಗುಲಾಬಿ, ಮಲ್ಲಿಗೆ ಮೊದಲಾದ ಹೂಗಳ ಭಾಗ ಕೆಲವು ಗಂಟೆ ನಿಲ್ಲುತ್ತದೆ. ಶ್ರೀಗಂಧ, ಲಾವಂಚ, ಅಂಟುರಾಳಗಳು ದಿನವಿಡೀ ಉಳಿಯಬಲ್ಲವು. ಇವನ್ನು ಮುಂಗಂಪು, ನಡುಗಂಪು, ತಳಗಂಪು ಎಂದು ಕರೆಯೋಣ. ಅಂಗಡಿಯಲ್ಲಿ ಮುಚ್ಚಳ ತೆಗೆದೊಡನೆ ಮೂಗಿಗೆ ಬರುವುದು ಮುಂಗಂಪು; ನಾವು ದಿನವೆಲ್ಲ ಜೊತೆಯಲ್ಲಿ ಹೊತ್ತು ತಿರುಗುವುದು ತಳಗಂಪು. ಬಹುಪಾಲು ಜನ ಮೊದಲನೆಯದನ್ನು ಮೆಚ್ಚಿ ಕೊನೆಯದನ್ನು ಮನೆಗೆ ತರುತ್ತಾರೆ. ದರ್ಗಾದ ಬಳಿಯ ಹಳಬ ಅತ್ತರು ವ್ಯಾಪಾರಿಯೊಬ್ಬರು ನನ್ನ ಮುಂಗೈಗೆ ಒಂದು ಹನಿ ಹಚ್ಚಿ, ನಾನು ಕೂಡಲೇ ಮೂಸಲು ಹೋದಾಗ ತಡೆದರು. "ತಡ್ರೀ ಸರ, ಅದು ಈಗ ಬರೇ ಬಾಯಿ ತೆರದದ, ಇನ್ನಾ ಮಾತಾಡಿಲ್ಲ. ಒಂದು ಸುತ್ತು ತಿರುಗ್ಯಾಡಿ ಬರ್ರಿ" ಎಂದರು. ಗ್ರಾಹಕನನ್ನು ಅಂಗಡಿಯಿಂದ ಹೊರಗೆ ಕಳುಹಿಸಿ ಕಾಯುವ ವ್ಯಾಪಾರಿಗೂ, ಈ ಕ್ಷಣವೇ ಕೊಳ್ಳದಿದ್ದರೆ ರಿಯಾಯಿತಿ ತಪ್ಪುವುದೆಂದು ಗಡಿಯಾರ ತೋರಿಸುವ ವ್ಯಾಪಾರಕ್ಕೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಶೀಶೆಯ ಮೇಲಿನ ಹೆಸರುಗಳನ್ನು ಓದಲು ಕಲಿಯುವುದು ಎರಡನೆಯ ಹೆಜ್ಜೆ. ಸಿಂಪಡಿಸುವ ಸುಗಂಧಗಳಲ್ಲಿ ಹೆಚ್ಚಿನ ಪಾಲು ಮದ್ಯಸಾರ. ಅದರಲ್ಲಿ ಪರಿಮಳದ್ರವ್ಯವನ್ನು ಕರಗಿಸಿರುತ್ತಾರೆ. ಓ ದ ಕೊಲೋನ್ ಎಂಬಲ್ಲಿ ಪರಿಮಳದ್ರವ್ಯ ಸಾಮಾನ್ಯವಾಗಿ ನೂರಕ್ಕೆ ೨ರಿಂದ ೫ ಪಾಲು, ಓ ದ ಟಾಯ್ಲೆಟ್ ಎಂಬಲ್ಲಿ ೫ರಿಂದ ೧೫, ಓ ದ ಪರ್ಫ್ಯೂಮ್ ಎಂಬಲ್ಲಿ ೧೫ರಿಂದ ೨೦. ಬರಿಯ ಪರ್ಫ್ಯೂಮ್ ಎಂದಿದ್ದರೆ ಅದಕ್ಕೂ ಹೆಚ್ಚು. ಇವು ವ್ಯಾಪಾರದ ರೂಢಿಗಳೇ ಹೊರತು ಕಾನೂನಿನ ಅಳತೆಗಳಲ್ಲ. ಹೆಚ್ಚು ಗಾಢವಾದುದೇ ಹೆಚ್ಚು ಉತ್ತಮವೆಂಬ ತಿಳಿವಳಿಕೆಯೂ ಸರಿಯಲ್ಲ. ಬಿಸಿಲು ಏರಿದಷ್ಟೂ ದ್ರವ್ಯಗಳು ಬೇಗ ಬೇಗ ಆವಿಯಾಗಿ ಸುತ್ತಲೂ ದಟ್ಟವಾಗಿ ಹರಡುತ್ತವೆ. ಆದ್ದರಿಂದ ನಮ್ಮ ಬೇಸಗೆಗೆ ಹಗುರವಾದ ಕೊಲೋನು, ಲಾವಂಚ, ಗುಲಾಬಿ, ಶ್ರೀಗಂಧಗಳೇ ಹಿತ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದ ಹಿಂದಿನವರು ಇದನ್ನು ಪುಸ್ತಕ ನೋಡಿ ಕಲಿತದ್ದಲ್ಲ. ಗಾಢವಾದ ಅಗರು, ಅಂಬರು, ಹಿನಾಗಳಿಗೆ ನಮ್ಮಲ್ಲಿ ಡಿಸೆಂಬರ್, ಜನವರಿಗಳ ಸಂಜೆಗಳಿವೆ.

ಅತ್ತರಿನ ವಿಷಯ ಇದಕ್ಕಿಂತ ಬೇರೆ. ಅದರಲ್ಲಿ ಮದ್ಯಸಾರವಿಲ್ಲ, ಎಣ್ಣೆಯೇ ಆಧಾರ. ಅತ್ತರಿಗೆ ಹೆಸರಾದ ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ತಾಮ್ರದ ದೇಗಿನಲ್ಲಿ ಹೂವನ್ನೂ ನೀರನ್ನೂ ಹಾಕಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಸಣ್ಣ ಉರಿ ಹಾಕುತ್ತಾರೆ. ಆವಿ ಬಿದಿರಿನ ಕೊಳವೆಯ ಮೂಲಕ ಹಾದು ಭಪ್ಕಾ ಎಂಬ ಇನ್ನೊಂದು ಪಾತ್ರೆಗೆ ಇಳಿಯುತ್ತದೆ. ಆ ಪಾತ್ರೆಯಲ್ಲಿ ಮೊದಲೇ ಇಟ್ಟ ಶ್ರೀಗಂಧದ ಎಣ್ಣೆ ಹೂವಿನ ಸಾರವನ್ನು ಹೀರಿಕೊಳ್ಳುತ್ತದೆ. ದಿನದಿಂದ ದಿನಕ್ಕೆ ಹೊಸ ಹೂ ಹಾಕಿ ಇದನ್ನೇ ಮುಂದುವರಿಸುತ್ತಾರೆ. ಮೊದಲ ಮಳೆಗೆ ನೆನೆದ ಮಣ್ಣಿನ ಕಂಪನ್ನು ಕೂಡ ಹೀಗೆ ಹಿಡಿದಿಡುವ ಕಲೆ ಅವರಿಗೆ ಗೊತ್ತು. ಆದರೆ ಶ್ರೀಗಂಧದ ಎಣ್ಣೆ ದುಬಾರಿಯಾದಂತೆ ಅದರ ಬದಲಿಗೆ ಪ್ಯಾರಫಿನ್ ಮೊದಲಾದ ಅಗ್ಗದ ದ್ರವಗಳನ್ನು ಬಳಸುವುದು ಹೆಚ್ಚಾಯಿತು. ಆದ್ದರಿಂದ ಗಂಧದೆಣ್ಣೆಯ ಮೇಲೆ ಇಳಿಸಿದ ಅಸಲು ಅತ್ತರೆಂದು ಹೇಳಿ ನೂರಿನ್ನೂರು ರೂಪಾಯಿಗೆ ತೊಲದ ಶೀಶೆ ಕೊಡುವವರಿದ್ದರೆ, ಲೆಕ್ಕ ಗೊತ್ತಿರುವ ಯಾರಾದರೂ ಅದನ್ನು ನಂಬಲಾರರು. ಅಗ್ಗದ ಅತ್ತರನ್ನು ಅಗ್ಗದ ಅತ್ತರೆಂದೇ ತಿಳಿದು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಹೆಸರಿಗೆ ಬೆಲೆ ಕೊಡದಿದ್ದರಾಯಿತು.

ಶ್ರೀಗಂಧದ ಮಾತು ಬಂದಾಗ ನಮ್ಮ ನಾಡಿನ ಒಂದು ಅಧ್ಯಾಯವನ್ನು ನೆನೆಯಬೇಕು. ಮೈಸೂರು ಸಂಸ್ಥಾನದ ಗಂಧದ ಕೊರಡುಗಳು ಎಣ್ಣೆ ತೆಗೆಯುವುದಕ್ಕಾಗಿ ಯುರೋಪಿಗೆ ಹೋಗುತ್ತಿದ್ದವು. ೧೯೧೪ರ ಮಹಾಯುದ್ಧದಿಂದ ಆ ದಾರಿ ಮುಚ್ಚಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೬ರ ಸುಮಾರಿಗೆ ಗಂಧದೆಣ್ಣೆಯ ಕಾರ್ಖಾನೆ ನಮ್ಮಲ್ಲಿಯೇ ಆರಂಭವಾಯಿತು. ೧೯೧೮ರಲ್ಲಿ ಗಂಧದ ಸಾಬೂನು ಬಂದಿತು. ಸೋಸಲೆ ಗರಳಪುರಿ ಶಾಸ್ತ್ರಿಗಳ ರಸಾಯನವಿದ್ಯೆ ಆ ಸಾಬೂನಿನ ಹಿಂದೆ ಕೆಲಸ ಮಾಡಿತು. ಒಂದು ಸುಗಂಧದ ಕೀರ್ತಿ ನೂರು ವರ್ಷ ಬಾಳಿದ್ದರೆ ಅದಕ್ಕೆ ಕಾರಣ ಅದರೊಳಗೆ ಹಾಕಿದ ಎಣ್ಣೆ. ಹೊರಗೆ ಆಡಿದ ಮಾತಲ್ಲ.

ಸಹಜವಾದುದೆಲ್ಲ ಒಳ್ಳೆಯದು, ಕೃತಕವಾದುದೆಲ್ಲ ಕೆಟ್ಟದ್ದೆಂಬ ಇನ್ನೊಂದು ನಂಬಿಕೆಯೂ ಪ್ರಚಾರದಲ್ಲಿದೆ. ಅದನ್ನು ತೂಗಿ ನೋಡುವುದಕ್ಕೆ ಕಮಲಾಪುರದ ಕೆಂಪು ಬಾಳೆಯೇ ಒಳ್ಳೆಯ ಉದಾಹರಣೆ. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಆ ಹಣ್ಣಿನ ಪರಿಮಳವನ್ನು ಬಲ್ಲವರಿಗೆ ಅಂಗಡಿಯಲ್ಲಿ ಸಿಗುವ ಬಾಳೆಹಣ್ಣಿನ ವಾಸನೆಯ ಮಿಠಾಯಿ ಏಕೋ ತೆಳುವೆನಿಸುತ್ತದೆ. ಬಾಳೆಹಣ್ಣಿನ ವಾಸನೆಯಲ್ಲಿ ಮುಖ್ಯವಾದದ್ದು ಐಸೊಅಮೈಲ್ ಅಸಿಟೇಟ್ ಎಂಬ ದ್ರವ್ಯ. ಮಿಠಾಯಿಯಲ್ಲಿ ಹೆಚ್ಚಾಗಿ ಅದೊಂದೇ ಇರುತ್ತದೆ; ಹಣ್ಣಿನಲ್ಲಿ ಅದರ ಸುತ್ತ ಹತ್ತಾರು ಬೇರೆ ದ್ರವ್ಯಗಳು ನೆರೆದಿರುತ್ತವೆ. ಕಾರ್ಖಾನೆಯಲ್ಲಿ ಹುಟ್ಟಿದ ಐಸೊಅಮೈಲ್ ಅಸಿಟೇಟಿಗೂ ಕಮಲಾಪುರದ ಕೆಂಪು ಮಣ್ಣಿನಲ್ಲಿ ಹುಟ್ಟಿದ ಐಸೊಅಮೈಲ್ ಅಸಿಟೇಟಿಗೂ ಅಣುವಿನಲ್ಲಿ ಭೇದವಿಲ್ಲ. ಭೇದವಿರುವುದು ಒಂಟಿತನಕ್ಕೂ ಸಂಸಾರಕ್ಕೂ. ಕೃತಕ ದ್ರವ್ಯಗಳನ್ನು ಕುಶಲಿಯಾದ ಗಂಧಿಗನು ಹದವರಿತು ಬೆರೆಸಿದರೆ ಅದೂ ಒಂದು ಸಂಸಾರವೇ ಆಗುತ್ತದೆ.

ಹಾಗೆ ನೋಡಿದರೆ ಇಂದಿನ ಸುಗಂಧವಿದ್ಯೆ ನಿಂತಿರುವುದು ಕೃತಕ ದ್ರವ್ಯಗಳ ಮೇಲೆ. ಕುಮರಿನ್ ಎಂಬ ದ್ರವ್ಯವನ್ನು ೧೮೬೮ರಲ್ಲಿ, ವೆನಿಲಾದ ಸಾರವಾದ ವೆನಿಲಿನ್ನನ್ನು ೧೮೭೪ರಲ್ಲಿ ಪ್ರಯೋಗಶಾಲೆಯಲ್ಲಿ ತಯಾರಿಸಿದರು. ೧೯೨೧ರಲ್ಲಿ ಹೊರಬಂದು ಜಗತ್ಪ್ರಸಿದ್ಧವಾದ 'ಶನೆಲ್ ನಂಬರ್ ೫'ರ ವೈಶಿಷ್ಟ್ಯವಿದ್ದುದು ಆಲ್ಡಿಹೈಡ್‌ಗಳೆಂಬ ಕೃತಕ ದ್ರವ್ಯಗಳನ್ನು ಧಾರಾಳವಾಗಿ ಬಳಸಿದುದರಲ್ಲಿ. ಕೃತಕ ದ್ರವ್ಯಗಳಿಂದ ಒಂದು ಪುಣ್ಯಕಾರ್ಯವೂ ಆಗಿದೆ. ಅಸಲು ಕಸ್ತೂರಿಗಾಗಿ ಕಸ್ತೂರಿಮೃಗವನ್ನು ಕೊಲ್ಲಬೇಕಾಗುತ್ತಿತ್ತು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಆ ಮೃಗಕ್ಕೆ ಅತ್ಯುನ್ನತ ರಕ್ಷಣೆ ನೀಡಿದೆ. ಇಂದು ಅಂಗಡಿಯಲ್ಲಿ ಕಸ್ತೂರಿಯೆಂದು ಕಾನೂನುಬದ್ಧವಾಗಿ ದೊರೆಯುವುದು ಕೃತಕ ಅಥವಾ ಸಸ್ಯಮೂಲದ ಕಸ್ತೂರಿ. ಅಸಲು ಕಸ್ತೂರಿಯೆಂದು ಯಾರಾದರೂ ಮಾರಿದರೆ ಅದು ಮೋಸ, ಇಲ್ಲವೇ ಅಪರಾಧ. ಊದ್ ಎಂದು ಇಂದು ತರುಣರೆಲ್ಲರ ಬಾಯಲ್ಲಿರುವ ಅಗರಿನ ಕಥೆಯೂ ಇದಕ್ಕೆ ಸಮೀಪ. ಅಸ್ಸಾಮಿನ ಕಡೆ ಬೆಳೆಯುವ ಅಗರಿನ ಮರಕ್ಕೆ ಶಿಲೀಂಧ್ರದ ಸೋಂಕು ತಗುಲಿದಾಗ, ಆ ಗಾಯಕ್ಕೆ ಮದ್ದಾಗಿ ಮರ ತಾನೇ ಒಸರಿಸುವ ರಾಳ ಅದು. ಎಲ್ಲ ಮರಗಳಲ್ಲಿಯೂ ಅದು ಹುಟ್ಟುವುದಿಲ್ಲ, ಹುಟ್ಟಿದರೂ ಅಲ್ಪ. ಸಾವಿರ ರೂಪಾಯಿಯ ದೊಡ್ಡ ಶೀಶೆಯ ತುಂಬ ಅಸಲು ಊದ್ ಇರಲಾರದು. ಆ ಶೀಶೆಯ ಪರಿಮಳ ನಿಮಗೆ ಸೊಗಸೆನಿಸಿದರೆ ಧಾರಾಳವಾಗಿ ಕೊಳ್ಳಿ. ಅಸಲು ಎಂಬ ಮಾತಿಗಾಗಿ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಇನ್ನು ಮೊಬೈಲಿನ ಹೊಗಳಿಕೆಗಳ ಒಳಗುಟ್ಟು. ಸುಗಂಧವನ್ನು ಪರಿಚಯಿಸುವವರಲ್ಲಿ ಅನೇಕರಿಗೆ ಕಂಪನಿಗಳಿಂದ ಹಣವೋ ಉಚಿತ ಶೀಶೆಯೋ ಬರುತ್ತದೆ. ಅವರು ಕೊಟ್ಟ ಕೊಂಡಿಯನ್ನು ಒತ್ತಿ ನೀವು ಕೊಂಡರೆ ಅದರಲ್ಲಿಯೂ ಅವರಿಗೆ ಪಾಲಿರುವುದುಂಟು. ಅಷ್ಟರಿಂದಲೇ ಅವರ ಮಾತು ಸುಳ್ಳಾಗುವುದಿಲ್ಲ. ಆದರೆ ಆ ಸಂಬಂಧವನ್ನು ಅವರು ಬಚ್ಚಿಡುವಂತಿಲ್ಲ. ಜಾಹೀರಾತಾದರೆ ಜಾಹೀರಾತೆಂದು ಸ್ಪಷ್ಟವಾಗಿ ತಿಳಿಸಬೇಕೆಂದು ನಮ್ಮ ದೇಶದ ಜಾಹೀರಾತು ಮಾನಕ ಮಂಡಳಿ ೨೦೨೧ರಲ್ಲಿ ನಿಯಮ ಮಾಡಿತು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ೨೦೨೨ರಲ್ಲಿ ಕೇಂದ್ರದ ಮಾರ್ಗಸೂಚಿಯೂ, ೨೦೨೩ರಲ್ಲಿ ಸಮಾಜ ಮಾಧ್ಯಮದವರಿಗೆಂದೇ ಪ್ರತ್ಯೇಕ ಸೂಚನೆಯೂ ಹೊರಟವು. ದಾರಿತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿಯವರೆಗೆ, ಮತ್ತೆ ಮತ್ತೆ ಮಾಡಿದರೆ ಐವತ್ತು ಲಕ್ಷದವರೆಗೆ ದಂಡ ವಿಧಿಸುವ ಅಧಿಕಾರ ಈ ಕಾಯಿದೆಯಲ್ಲಿದೆ. ಮೋಸಹೋದವರು ೧೯೧೫ ಎಂಬ ಸಂಖ್ಯೆಗೆ ಫೋನು ಮಾಡಿ ದೂರು ಕೊಡಬಹುದು. ಕಾನೂನು ಇದ್ದರೂ ಅದನ್ನು ತಿಳಿದ ಗ್ರಾಹಕನಿದ್ದಾಗಲೇ ಅದಕ್ಕೆ ಬಲ. ಹೊಗಳಿಕೆಯನ್ನು ಕೇಳುವಾಗ ಈತನಿಗೆ ಇದರಿಂದ ಏನು ಲಾಭ ಎಂದು ಮನಸ್ಸಿನಲ್ಲಿ ಕೇಳಿಕೊಂಡರೆ ಅರ್ಧ ಮಂಕು ಕರಗುತ್ತದೆ.

ಹಾಗಾದರೆ ಆರಿಸುವುದು ಹೇಗೆ? ಮೊದಲು, ಎಷ್ಟು ಹಣವೆಂದು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡಬೇಕು. ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚನ್ನು ಮೂಸಬಾರದು. ಕಾಗದದ ಪಟ್ಟಿಯ ಮೇಲೆ ನೋಡಿ, ಹಿಡಿಸಿದ್ದನ್ನು ಮಾತ್ರ ಮುಂಗೈಗೆ ಹಚ್ಚಿಕೊಂಡು, ಉಜ್ಜದೆ ಬಿಡಬೇಕು. ನಡುನಡುವೆ ಕಾಫಿಬೀಜ ಮೂಸುವುದಕ್ಕಿಂತ ಬಾಗಿಲಾಚೆಯ ಗಾಳಿಗೆ ಬಂದು ನಿಲ್ಲುವುದು ಲೇಸು. ಅಂದು ಕೊಳ್ಳದೆ ಮನೆಗೆ ಬಂದು, ಒಂದು ಗಂಟೆಯ ನಂತರ, ಸಂಜೆಯಾದ ನಂತರ, ಬೆವರಿದ ನಂತರ ಅದು ಹೇಗಾಯಿತೆಂದು ನೋಡಬೇಕು. ಮನೆಯವರ ಮೂಗನ್ನೂ ಕೇಳಬೇಕು. ಅಂಗಡಿಗೆ ಹೋಗುವ ಅನುಕೂಲವಿಲ್ಲದೆ ದೂರದಿಂದಲೇ ತರಿಸುವವರು ದೊಡ್ಡ ಶೀಶೆಗೆ ಮೊದಲು ಎರಡು ಮೂರು ಮಿಲಿಲೀಟರಿನ ಮಾದರಿ ಶೀಶೆಯನ್ನು ತರಿಸುವುದು ಜಾಣತನ. ಪೊಟ್ಟಣದ ಮೇಲೆ ತಯಾರಕರ ಹೆಸರು ವಿಳಾಸ, ಬ್ಯಾಚ್ ಸಂಖ್ಯೆ, ಬಳಕೆಯ ಅವಧಿ, ಗರಿಷ್ಠ ಬೆಲೆ ಇರಲೇಬೇಕು. ಹೊರದೇಶದ್ದಾದರೆ ಆಮದುದಾರರ ವಿಳಾಸವೂ ನೋಂದಣಿ ಸಂಖ್ಯೆಯೂ ಇರಬೇಕು. ಇವಿಲ್ಲದ ವಿದೇಶಿ ಶೀಶೆ ಅರ್ಧ ಬೆಲೆಗೆ ಬಂದರೆ ಅದು ರಿಯಾಯಿತಿಯಲ್ಲ, ಬಹುತೇಕ ನಕಲು.

ಆರೋಗ್ಯದ ಮಾತನ್ನೂ ಇಲ್ಲಿ ಸೇರಿಸಬೇಕು. ಹೊಸ ಸುಗಂಧವನ್ನು ಮೊಣಕೈಯ ಒಳಮಗ್ಗುಲಿಗೆ ಒಂದಿಷ್ಟು ಹಚ್ಚಿ ಒಂದೆರಡು ದಿನ ನೋಡಿದರೆ, ತುರಿಕೆ ಕೆಂಪು ಬರುವವರಿಗೆ ಮುಂಚೆಯೇ ತಿಳಿಯುತ್ತದೆ. ಸಹಜ ಎಣ್ಣೆಗಳಿಂದಲೂ ಒಗ್ಗದಿಕೆ ಆಗುವುದುಂಟು. ಬರ್ಗಮಾಟ್ ಎಂಬ ಕಿತ್ತಳೆ ಜಾತಿಯ ಎಣ್ಣೆಯಲ್ಲಿ, ಬಿಸಿಲು ತಾಗಿದಾಗ ಚರ್ಮವನ್ನು ಕಪ್ಪಾಗಿಸುವ ಅಂಶವೊಂದಿದೆ. ನಮ್ಮ ಊರಿನ ಬಿಸಿಲಿಗೆ ಹೊರಡುವವರು ಕುತ್ತಿಗೆಗೆ ಸಿಂಪಡಿಸಿಕೊಳ್ಳುವ ಬದಲು ಬಟ್ಟೆಯ ಒಳಮಡಿಕೆಗೆ ಹಾಕಿಕೊಂಡರೆ ಆ ಭಯವಿಲ್ಲ. ಮದ್ಯಸಾರ ಬೆಂಕಿಗೆ ಬೇಗ ಹತ್ತುವಂಥದು. ಒಲೆಯ ಬಳಿಯಾಗಲಿ ಬಿಸಿಲಲ್ಲಿ ನಿಂತ ಕಾರಿನೊಳಗಾಗಲಿ ಶೀಶೆಯನ್ನಿಡಬಾರದು. ಬೆಳಕು ಮತ್ತು ಸೆಕೆ ಸುಗಂಧವನ್ನೂ ಕೆಡಿಸುತ್ತವೆ. ಕತ್ತಲೆಯ ಕಪಾಟು ಅದಕ್ಕೆ ತಕ್ಕ ಸ್ಥಳ.

ನಮ್ಮ ನೆರೆಯ ತರುಣ ಆ ಶೀಶೆಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾನೆ. ಮೊನ್ನೆ ಅವನು ಅಜ್ಜಿಯನ್ನೇ ಕೇಳಿ, ಒಂದೊಂದೇ ಹತ್ತಿಯ ಉಂಡೆಯನ್ನು ದೂರದಿಂದ ತೋರಿಸಿ, ಆಕೆಗೆ ಕೆಮ್ಮು ಬಾರದಂಥ ತೆಳುವಾದ ಲಾವಂಚವೊಂದನ್ನು ಆರಿಸಿಕೊಂಡ. ಅದನ್ನೂ ಮನೆಯ ಹೊರಗೆ ಹೋಗಿ ಹಚ್ಚಿಕೊಳ್ಳುತ್ತಾನೆ. ಅದಕ್ಕೆ ಅವನು ಕೊಟ್ಟದ್ದು ಮೊದಲನೆಯದರ ಇಪ್ಪತ್ತರಲ್ಲೊಂದು ಪಾಲಿನ ಬೆಲೆ.

ನಾವು ಉಟ್ಟ ಬಟ್ಟೆ ನೋಡುವವರಿಗೆ ಹಿಡಿಸದಿದ್ದರೆ ಅವರು ಕಣ್ಣು ಹೊರಳಿಸಬಹುದು. ನಾವು ಹಾಕಿಕೊಂಡ ಸುಗಂಧದಿಂದ ಅವರು ಹಾಗೆ ತಪ್ಪಿಸಿಕೊಳ್ಳಲಾರರು. ಉಸಿರಾಡುವುದನ್ನು ನಿಲ್ಲಿಸುವುದಕ್ಕೆ ಯಾರಿಂದಲೂ ಆಗದು. ಬಸ್ಸಿನಲ್ಲಿ, ತರಗತಿಯಲ್ಲಿ, ಆಸ್ಪತ್ರೆಯ ಸರದಿಯಲ್ಲಿ ನಾವೆಲ್ಲರೂ ಒಂದೇ ಗಾಳಿಯ ಪಾಲುದಾರರು. ಎಷ್ಟು ಜನ ತಿರುಗಿ ನೋಡಿದರೆಂಬುದನ್ನು ಸುಗಂಧದ ಅಳತೆಗೋಲು ಮಾಡಿಕೊಳ್ಳುವ ಬದಲು, ಹತ್ತಿರ ಕುಳಿತವರು ಎದ್ದುಹೋಗದೆ ಮಾತು ಮುಂದುವರಿಸಿದರೆಂಬುದನ್ನು ಅಳತೆಯಾಗಿಟ್ಟುಕೊಂಡರೆ, ನಮ್ಮ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಸರಿಹೋಗುತ್ತದೆ.